ಆರು ರನ್ನು, ಆರು ಕಾರಣ

ಗೆದ್ದ ಪಂದ್ಯವನ್ನು ಜನ ಒಂದು ದಿನ ಮಾತನಾಡುತ್ತಾರೆ. ಸೋತ ಪಂದ್ಯವನ್ನು ಒಂದು ತಲೆಮಾರು ಮಾತನಾಡುತ್ತಾರೆ. ಗೆಲುವಿಗೆ ಹಾರ ಹಾಕಿ, ಸಿಹಿ ಹಂಚಿ, ಅದನ್ನು ಗೋಡೆಯ ಮೇಲಿನ ಚಿತ್ರವಾಗಿಸಿ ಬಿಡಬಹುದು. ಸೋಲು ಹಾಗಲ್ಲ. ಅದು ಮನೆಗೆ ಬಂದು ಕಾಲು ಚಾಚಿ ಕುಳಿತ ನೆಂಟ. ಏಕೆ ಬಂದೆಯೆಂದು ಕೇಳಿದಷ್ಟೂ ಒಂದೊಂದು ಹೊಸ ಕಾರಣವನ್ನು ಹೇಳುತ್ತದೆ.

ಹಾನಗಲ್ಲು ತಾಲ್ಲೂಕಿನ ಆಡೂರು ಅಂತಹ ಮಾತಿಗೆ ಹೇಳಿಸಿದಂತಹ ಊರು. ಚಾಲುಕ್ಯರ ಕಾಲದ ಶಾಸನಗಳಿಂದ ಚರಿತ್ರೆಯ ಪುಟಗಳಲ್ಲಿ ಹೆಸರು ಪಡೆದ ಹಳೆಯ ನೆಲ ಅದು. ತಾಲ್ಲೂಕಿನ ಕೇಂದ್ರವಾದ ಹಾನಗಲ್ಲನ್ನಂತೂ ಜನ ಮಹಾಭಾರತದ ವಿರಾಟನಗರವೆಂದೇ ನಂಬಿಕೊಂಡು ಬಂದಿದ್ದಾರೆ. ಪಾಂಡವರು ಅಜ್ಞಾತವಾಸವನ್ನು ಕಳೆದದ್ದು ಇಲ್ಲಿಯೇ ಎಂದು ಹೇಳುವ ಸೀಮೆಯಲ್ಲಿ ಮಹಾಭಾರತವು ಪುಸ್ತಕದ ಕಥೆಯಲ್ಲ, ನೆರೆಮನೆಯ ವ್ಯಾಜ್ಯ. ಅಲ್ಲಿ ಯಾರು ಏಕೆ ಗೆದ್ದರು, ಯಾರು ಏಕೆ ಸೋತರು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಕರ್ಣನನ್ನು ಕೊಂದವನು ಅರ್ಜುನನೊಬ್ಬನೇ ಅಲ್ಲ, ಆರು ಮಂದಿ ಎಂದು ಹರಿದಾಸರು ಬೆರಳು ಮಡಿಸಿ ಎಣಿಸುತ್ತಾರೆ: ಬಾಣ ಬಿಟ್ಟ ಅರ್ಜುನ, ಹೇಳಿಕೊಟ್ಟ ಕೃಷ್ಣ, ವರ ಬೇಡಿದ ಕುಂತಿ, ರಥದ ಗಾಲಿಯನ್ನು ನುಂಗಿದ ಭೂಮಿ, ಕವಚವನ್ನು ಕೇಳಿ ಪಡೆದ ಇಂದ್ರ, ಶಾಪ ಕೊಟ್ಟ ಪರಶುರಾಮ.

ಇಂತಹ ನಾಡಿನಲ್ಲಿ ಒಂದು ಕ್ರಿಕೆಟ್ ಪಂದ್ಯವನ್ನು ಆರು ರನ್ನುಗಳಿಂದ ಸೋತರೆ ಆರು ಕಾರಣಗಳಾದರೂ ಹುಟ್ಟದೆ ಇರುತ್ತವೆಯೇ?

ಸಂಕ್ರಾಂತಿಯ ಸಂಜೆ

ಆ ಪಂದ್ಯ ನಡೆದದ್ದು ಆಡೂರಿನಿಂದ ಬಹುದೂರದ ಮೈಸೂರಿನಲ್ಲಿ, ವಿಶ್ವವಿದ್ಯಾನಿಲಯದ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ. 2010ರ ಜನವರಿ 11ರಂದು ಕರ್ನಾಟಕ ಮತ್ತು ಮುಂಬಯಿ ತಂಡಗಳು ರಣಜಿ ಟ್ರೋಫಿಯ ಅಂತಿಮ ಪಂದ್ಯಕ್ಕೆ ಎದುರುಬದುರಾದವು. ಕರ್ನಾಟಕ ಈ ಪ್ರಶಸ್ತಿಯನ್ನು ಕೊನೆಯ ಬಾರಿ ಕಂಡದ್ದು 1998-99ರಲ್ಲಿ. ಹನ್ನೊಂದು ವರ್ಷಗಳ ಹಸಿವು ಅದು. ಮುಂಬಯಿ ಆಗಲೇ ಮೂವತ್ತೆಂಟು ಬಾರಿ ಗೆದ್ದು, ಮೂವತ್ತೊಂಬತ್ತನೆಯದಕ್ಕೆ ಕೈ ಚಾಚಿತ್ತು. ಒಬ್ಬರಿಗೆ ಹಬ್ಬದೂಟ, ಇನ್ನೊಬ್ಬರಿಗೆ ದಿನದೂಟ.

ಅಂಕೆಗಳನ್ನು ಒಮ್ಮೆ ನೆನಪಿಸಿಕೊಳ್ಳುವುದು ಒಳಿತು. ಮೊದಲ ಸರದಿಯಲ್ಲಿ ಮುಂಬಯಿ 233. ಅದಕ್ಕೆ ಉತ್ತರವಾಗಿ ಕರ್ನಾಟಕ ಕೇವಲ 130. ಆವಿಷ್ಕಾರ್ ಸಾಳ್ವಿಗೆ ಐದು ವಿಕೆಟ್ಟುಗಳು. ಎರಡನೆಯ ಸರದಿಯಲ್ಲಿ ಮುಂಬಯಿ 234. ಅದೇ ವರ್ಷ ರಣಜಿಗೆ ಕಾಲಿಟ್ಟಿದ್ದ ಇಪ್ಪತ್ತರ ಹುಡುಗ ಅಭಿಮನ್ಯು ಮಿಥುನ್‌ಗೆ ಆರು ವಿಕೆಟ್ಟುಗಳು. ಕರ್ನಾಟಕ ಗೆಲ್ಲಲು ಮಾಡಬೇಕಾದದ್ದು 338. ಅದು ಮಾಡಿದ್ದು 331. ಆಟ ಮುಗಿದದ್ದು ನಾಲ್ಕನೆಯ ದಿನ, ಜನವರಿ 14ರಂದು.

ಅಂದು ಮಕರ ಸಂಕ್ರಾಂತಿ. ಹಾವೇರಿ, ಧಾರವಾಡ, ಗದಗಗಳ ಸೀಮೆಯಲ್ಲಿ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಕುಸುರೆಳ್ಳಿನ ಹಬ್ಬ. ಎಳ್ಳುಬೆಲ್ಲ ಕೊಟ್ಟು ಒಳ್ಳೆಯ ಮಾತನಾಡಬೇಕಾದ ದಿನ. ಅಂದು ಮೈಸೂರಿನಲ್ಲಿ ಮನೀಷ್ ಪಾಂಡೆ ಮತ್ತು ಗಣೇಶ್ ಸತೀಶ್ ಎಂಬ ಇಬ್ಬರು ತರುಣರು ಜೊತೆಯಾಗಿ ನಿಂತು, ಇನ್ನೂರರ ಗಡಿ ದಾಟಿದ ಜೊತೆಯಾಟದಿಂದ ಮುಂಬಯಿಯ ಬೆವರಿಳಿಸಿದರು. ಪಾಂಡೆಗೆ ಆಗ ಇಪ್ಪತ್ತು ವರ್ಷ, ಸತೀಶ್‌ಗೆ ಇಪ್ಪತ್ತೊಂದು; ಬಹುಮಂದಿ ಕಾಲೇಜಿನ ಬೆಂಚಿನ ಮೇಲೆ ಕುಳಿತಿರುವ ವಯಸ್ಸು. ಪಾಂಡೆ 144, ಸತೀಶ್ 75. ಮೈದಾನದ ಸುತ್ತ ನೆರೆದ ಜನ ಗೆಲುವನ್ನು ಕಣ್ಣಾರೆ ಕಂಡೇಬಿಟ್ಟರು. ಅಷ್ಟರಲ್ಲಿ ಆ ಜೊತೆ ಮುರಿಯಿತು. ಅಜಿತ್ ಅಗರ್‌ಕರ್ ಐದು ವಿಕೆಟ್ಟುಗಳನ್ನು ಕಿತ್ತರು. ಗುರಿ ಹತ್ತಿರ ಬಂದಂತೆಲ್ಲ ದಾಂಡಿಗರು ಕಡಿಮೆಯಾದರು. ಆರು ರನ್ನು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹಬ್ಬದ ಸಂಜೆ ಒಳ್ಳೆಯ ಮಾತಿಗೆ ಬಾಯಿ ಬಾರದೆ ಹೋಯಿತು. ಮಾತು ಹೊರಟದ್ದು ಬೇರೆಯ ದಾರಿಯಲ್ಲಿ.

ಮನೆಯ ಮಕ್ಕಳಿಬ್ಬರು

ಮೈಸೂರಿನ ಪಂದ್ಯಕ್ಕೆ ಹಾನಗಲ್ಲು ಸೀಮೆಯ ಜನ ಮರುಗಬೇಕೇಕೆ ಎಂದು ಯಾರಾದರೂ ಕೇಳಿದರೆ ಅದಕ್ಕೆ ಉತ್ತರವಿದೆ. ಕರ್ನಾಟಕ ತಂಡವೆಂದರೆ ಬೆಂಗಳೂರಿನ ತಂಡವೆಂಬ ಮಾತು ಬಹುಕಾಲದಿಂದ ಇತ್ತು. ಆದರೆ ಅಂದಿನ ಹನ್ನೊಂದು ಮಂದಿಯಲ್ಲಿ ಇಬ್ಬರು ಈ ಕಡೆಯವರು. ಒಂದು ಮಗ್ಗುಲಿಗೆ ಗದಗ, ಇನ್ನೊಂದು ಮಗ್ಗುಲಿಗೆ ದಾವಣಗೆರೆ. ಗದಗಿನವರು ಸುನಿಲ್ ಜೋಶಿ. ದಾವಣಗೆರೆಯವರು ವಿನಯ್ ಕುಮಾರ್.

ಜೋಶಿಯವರ ಬಾಲ್ಯದ ಕಥೆ ಈ ಭಾಗದ ತಂದೆತಾಯಿಗಳು ಮಕ್ಕಳಿಗೆ ಹೇಳಬಹುದಾದ ಕಥೆ. ಗದಗಿನಲ್ಲಿ ಅಭ್ಯಾಸಕ್ಕೆ ತಕ್ಕ ಅನುಕೂಲವಿಲ್ಲದೆ ಬೆಳಗಿನ ಜಾವದಲ್ಲಿ ಹುಬ್ಬಳ್ಳಿಗೆ ಹೋಗಿ, ಚೆಂಡೆಸೆದು, ಮತ್ತೆ ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದ ಹುಡುಗ ಅವರು. ಅದೇ ಹುಡುಗ 1996ರಲ್ಲಿ ಭಾರತಕ್ಕೆ ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರುಗಳಲ್ಲಿ ಆರೇ ರನ್ನು ಕೊಟ್ಟು ಐದು ವಿಕೆಟ್ಟು ಪಡೆದರು. ಮೈಸೂರಿನ ಪಂದ್ಯದ ಹೊತ್ತಿಗೆ ಅವರಿಗೆ ಮೂವತ್ತೊಂಬತ್ತು ವರ್ಷ. ತಮ್ಮ ಅರ್ಧ ವಯಸ್ಸಿನ ಹುಡುಗರೊಡನೆ ಅವರು ಇನ್ನೊಂದು ಪ್ರಶಸ್ತಿಗಾಗಿ ಹೋರಾಡುತ್ತಿದ್ದರು. ಮನೆಯ ಮಕ್ಕಳು ಆಡುವ ಪಂದ್ಯದಲ್ಲಿ ದೂರವೆಂಬುದು ಎಲ್ಲಿಯದು?

ಆರು ಪಕ್ಷಗಳು

ಸೋಲಿನ ಮೀಮಾಂಸೆ ನಡೆಯುವುದು ಕ್ರೀಡಾಂಗಣದಲ್ಲಲ್ಲ. ಗುಡಿಯ ಕಟ್ಟೆ, ಚಹದ ಅಂಗಡಿ, ಕ್ಷೌರದ ಕುರ್ಚಿ, ಸಂತೆಗೆ ಹೊರಟ ಬಸ್ಸು, ಕಾಲೇಜಿನ ವರಾಂಡ - ಇವೇ ಅದರ ಪೀಠಗಳು. ಮೈಸೂರಿನ ಸೋಲಿನ ಮೇಲೆ ಕನ್ನಡ ನಾಡಿನ ಅಭಿಮಾನಿಗಳು ಹೂಡಿದ ವಾದಗಳನ್ನು ಒಟ್ಟುಗೂಡಿಸಿದರೆ ಆರು ಪಕ್ಷಗಳಾಗಿ ನಿಲ್ಲುತ್ತವೆ. ಒಂದೊಂದನ್ನೂ ಪರೀಕ್ಷಿಸಿ ನೋಡಬಹುದು.

ಮೊದಲನೆಯವರು ಲೆಕ್ಕದವರು. 'ಪಂದ್ಯ ಸೋತದ್ದು ನಾಲ್ಕನೆಯ ದಿನವಲ್ಲ, ಮೊದಲ ಸರದಿಯಲ್ಲಿ' ಎಂಬುದು ಇವರ ಸಿದ್ಧಾಂತ. 233ಕ್ಕೆ 130 ಎಂದರೆ 103 ರನ್ನುಗಳ ಹಿನ್ನಡೆ. ರಣಜಿಯ ನಿಯಮದಂತೆ ಅಂತಿಮ ಪಂದ್ಯ ಸಮನಾಗಿ ನಿಂತರೆ ಮೊದಲ ಸರದಿಯಲ್ಲಿ ಮುಂದಿದ್ದವರಿಗೇ ಪ್ರಶಸ್ತಿ. ಆದುದರಿಂದ ಕರ್ನಾಟಕಕ್ಕೆ ಸಮಮಾಡಿಕೊಳ್ಳುವ ದಾರಿಯೇ ಮುಚ್ಚಿಹೋಯಿತು. ಗೆಲ್ಲಬೇಕು, ಇಲ್ಲವೆ ಸೋಲಬೇಕು. ಈ ಮಾತಿನಲ್ಲಿ ತೂಕವಿದೆ. 130ರ ಬದಲು 137 ಆಗಿದ್ದರೂ ಕಥೆಯೇ ಬೇರೆ.

ಎರಡನೆಯವರು ಬಾಲದ ಮೇಲೆ ಕಣ್ಣಿಟ್ಟವರು. ಮುಂಬಯಿಯ ಎರಡನೆಯ ಸರದಿಯಲ್ಲಿ ಚೆಂಡೆಸೆತಕ್ಕೇ ಹೆಸರಾದ ಧವಳ್ ಕುಲಕರ್ಣಿ 87 ರನ್ನು ಮಾಡಿದರು. ಹಾವನ್ನು ಹೊಡೆದು ಬಾಲವನ್ನು ಬಿಟ್ಟ ಹಾಗಾಯಿತು ಎಂದು ಇವರ ಕೊರಗು. ಒಬ್ಬ ಬೌಲರು 87 ಮಾಡುವ ಬದಲು 80 ಮಾಡಿದ್ದರೆ? ಕೇಳಲು ಸುಲಭ. ಆದರೆ ಅದೇ ಸರದಿಯಲ್ಲಿ ಆರು ವಿಕೆಟ್ಟು ಕಿತ್ತ ಮಿಥುನ್‌ರ ಭುಜಗಳನ್ನು ಯಾರೂ ಕೇಳಲಿಲ್ಲ.

ಮೂರನೆಯವರು ತಾಳ್ಮೆಯ ಪಕ್ಷಪಾತಿಗಳು. ಪಂದ್ಯ ಐದು ದಿನಗಳದ್ದು. ಆಟ ಮುಗಿದದ್ದು ನಾಲ್ಕನೆಯ ದಿನ. ಐದನೆಯ ದಿನ ಇಡಿಯಾಗಿ ಕೈಯಲ್ಲಿತ್ತು. ಒಂದೊಂದೇ ರನ್ನಾಗಿ ಕೂಡಿಸಿದ್ದರೆ ಆಗದಿತ್ತೇ? ಇದು ಬಹುಮಂದಿ ಹಿರಿಯರ ಮಾತು. ಅವಸರವೇ ಅಪಾಯಕ್ಕೆ ಕಾರಣವೆಂದು ಮಕ್ಕಳಿಗೆ ಹೇಳಲು ಅವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆದರೆ ಇದರ ಇನ್ನೊಂದು ಮಗ್ಗುಲನ್ನು ನೋಡಬೇಕು. ಎದುರಾಳಿಗಳ ಮೇಲೆ ನುಗ್ಗಿ ಹೊಡೆಯುವುದು ಪಾಂಡೆಯವರ ಹುಟ್ಟುಗುಣ. ಅಸಾಧ್ಯವೆನಿಸಿದ ಗುರಿಯನ್ನು ಸಾಧ್ಯದ ಅಂಗಳಕ್ಕೆ ಎಳೆದು ತಂದದ್ದು ಆ ಗುಣವೇ. ಅವರಿಬ್ಬರು ಸೇರಿ ಮಾಡಿದ್ದು 219. ಉಳಿದ ಒಂಬತ್ತು ಮಂದಿಯ ರನ್ನು ಮತ್ತು ಇತರೆ ರನ್ನುಗಳು ಎಲ್ಲ ಸೇರಿ 112. ಯಾವ ಧೈರ್ಯದಿಂದ ಪಂದ್ಯ ಜೀವ ಪಡೆಯಿತೋ ಅದೇ ಧೈರ್ಯವನ್ನು ಸಂಜೆಗೆ ಅವಸರವೆಂದು ಕರೆಯುವುದು ನ್ಯಾಯವೇ? ಗೆದ್ದಿದ್ದರೆ ಅದಕ್ಕೆ ಪರಾಕ್ರಮವೆಂದು ಹೆಸರಿಡುತ್ತಿದ್ದರು.

ನಾಲ್ಕನೆಯವರು ಗೈರುಹಾಜರಾದವರನ್ನು ನೆನೆಯುವವರು. 'ದ್ರಾವಿಡ್ ಇದ್ದಿದ್ದರೆ!' ಎಂಬ ಒಂದು ಉದ್ಗಾರದಲ್ಲಿ ಇವರ ವಾದ ಮುಗಿಯುತ್ತದೆ. ರಾಹುಲ್ ದ್ರಾವಿಡ್ ಬಾಂಗ್ಲಾದೇಶದ ಪ್ರವಾಸಕ್ಕೆ ಆಯ್ಕೆಯಾಗಿದ್ದರು. ಜನವರಿ 17ರಂದು ಚಿತ್ತಗಾಂಗಿನಲ್ಲಿ ಟೆಸ್ಟ್ ಪಂದ್ಯ ಆರಂಭವಾಗುವುದಿತ್ತು. ನಿಜ, ಆರು ರನ್ನುಗಳ ಕೊರತೆಯಿರುವ ಮನೆಗೆ ದ್ರಾವಿಡ್ ಬಂದರೆ ಕೊರತೆ ಉಳಿಯುತ್ತಿತ್ತೇ? ಆದರೆ ಅದೇ ಪ್ರವಾಸಕ್ಕೆ ಮುಂಬಯಿಯ ಸಚಿನ್ ತೆಂಡುಲ್ಕರ್, ಜಹೀರ್ ಖಾನರೂ ಆಯ್ಕೆಯಾಗಿದ್ದರು. ಇಲ್ಲದವರ ಪಟ್ಟಿಯನ್ನು ಬರೆಯಲು ಕುಳಿತರೆ ಎದುರು ಮನೆಯ ಪಟ್ಟಿ ಇನ್ನೂ ಉದ್ದವಾಗುತ್ತದೆ.

ಐದನೆಯವರು ದೈವವಾದಿಗಳು. ತೀರ್ಪುಗಾರರ ಬೆರಳು, ಮೈದಾನದ ನೆಲ, ಗ್ರಹಗತಿ - ಇವೆಲ್ಲ ಇವರ ಪಾಲಿಗೆ. ತೀರ್ಪನ್ನು ಮರುಪರೀಕ್ಷಿಸಿ ಎಂದು ಆಟಗಾರ ಕೇಳುವ ಪದ್ಧತಿ ಅಂದಿನ ರಣಜಿಯಲ್ಲಿ ಇರಲಿಲ್ಲ. ಆದುದರಿಂದ ಅನುಮಾನಕ್ಕೆ ಆಸರೆ ಸಿಗುವುದು ಸುಲಭ. ಅದರ ಮೇಲೆ, ಪಂದ್ಯ ಮುಗಿದ ಮರುದಿನವೇ, ಜನವರಿ 15ರಂದು, ದಕ್ಷಿಣ ಭಾರತದಲ್ಲಿ ಕಂಕಣ ಸೂರ್ಯಗ್ರಹಣ! ಐದನೆಯ ದಿನಕ್ಕೆ ಆಟ ಮುಂದುವರಿದಿದ್ದರೂ ಗ್ರಹಣದ ದಿನ ಗೆಲುವು ಒಲಿಯುತ್ತಿತ್ತೇ ಎಂದು ಪಂಚಾಂಗವನ್ನು ಮುಂದಿಟ್ಟವರಿಗೆ ಉತ್ತರ ಹೇಳುವುದು ಕಷ್ಟ. ಒಂದು ಮಾತನ್ನು ಮಾತ್ರ ಹೇಳಬಹುದು: ಸೂರ್ಯನು ಮುಂಬಯಿಯವರಿಗೂ ಒಬ್ಬನೇ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ಹುಟ್ಟಿದ ನಾಡಿನಲ್ಲಿ ನೆಲವನ್ನು ದೂರುವ ಮುನ್ನ ಎರಡು ಸಲ ಯೋಚಿಸಬೇಕು.

ಆರನೆಯ ಪಕ್ಷದವರು ಸಂಖ್ಯೆಯಲ್ಲಿ ಅತಿ ಕಡಿಮೆ. ಅವರು ಹೇಳುವುದು ಇಷ್ಟೇ: 'ಎದುರಾಳಿಗಳು ಚೆನ್ನಾಗಿ ಆಡಿದರು.' ಸಾಳ್ವಿ ಮೊದಲ ಸರದಿಯಲ್ಲಿ ಐದು, ಅಗರ್‌ಕರ್ ಕೊನೆಯ ಸರದಿಯಲ್ಲಿ ಐದು. ಇನ್ನೂರು ರನ್ನುಗಳ ಜೊತೆಯಾಟವನ್ನು ಕಂಡ ಮೇಲೂ ಮುಂಬಯಿಯ ಕೈ ನಡುಗಲಿಲ್ಲ. ಗೆದ್ದು ಗೆದ್ದು ಅಭ್ಯಾಸವಾದವರಿಗೆ ಸೋಲಿನ ಅಂಚಿನಲ್ಲಿ ನಿಂತಾಗಲೂ ಗೆಲುವಿನ ದಾರಿ ಕಾಣುತ್ತದೆ. ಈ ಮಾತನ್ನು ಕಟ್ಟೆಯ ಮೇಲೆ ಹೇಳಿದವನಿಗೆ ಚಹ ಸಿಗುವುದಿಲ್ಲ. ಆದರೆ ಆರರಲ್ಲಿ ಮೊದಲು ಹೇಳಬೇಕಾದ ಮಾತು ಇದೇ.

ಅಟ್ಟ ಮೇಲೆ ಉರಿದ ಒಲೆ

ಈ ಆರು ಪಕ್ಷಗಳಲ್ಲಿ ಯಾವುದು ಸರಿ? ಆ ಪಂದ್ಯದಲ್ಲಿ ನಾಲ್ಕು ಸರದಿಗಳಲ್ಲಿ ಎರಡು ತಂಡಗಳೂ ಸೇರಿ ಮಾಡಿದ ರನ್ನುಗಳು ಒಟ್ಟು 928. ಅದರಲ್ಲಿ ಅಂತರ ಆರು. ನೂರಕ್ಕೆ ಒಂದರಷ್ಟೂ ಇಲ್ಲ. ಅಂತರ ಇಷ್ಟು ಕಿರಿದಾದಾಗ ಒಂದು ವಿಚಿತ್ರವಾದ ಸ್ಥಿತಿ ಉಂಟಾಗುತ್ತದೆ: ಹೇಳಿದ ಪ್ರತಿಯೊಂದು ಕಾರಣವೂ ಸತ್ಯವಾಗುತ್ತದೆ. ಬೆರಳ ಸಂದಿಯಿಂದ ಜಾರಿದ ಒಂದು ಚೆಂಡು, ತಡವಾಗಿ ಎಸೆದ ಒಂದು ಎಸೆತ, ಓಡದೆ ಬಿಟ್ಟ ಎರಡನೆಯ ರನ್ನು - ಇವುಗಳಲ್ಲಿ ಎರಡು ಮೂರು ಬದಲಾಗಿದ್ದರೂ ಫಲ ಬದಲಾಗುತ್ತಿತ್ತು. ಎಲ್ಲವೂ ಕಾರಣವಾದಾಗ ಯಾವುದೊಂದೂ 'ಅದೇ ಕಾರಣ'ವಲ್ಲ. ನೂರೈವತ್ತು ರನ್ನುಗಳಿಂದ ಸೋತಿದ್ದರೆ ತಂಡದ ದೌರ್ಬಲ್ಯ ಇಂತಹದೆಂದು ತೋರಿಸಿ ಹೇಳಬಹುದಾಗಿತ್ತು. ಆರು ರನ್ನುಗಳ ಸೋಲು ಅಂತಹ ಪಾಠವನ್ನು ಹೇಳುವುದಿಲ್ಲ. ಆದರೆ ಮನುಷ್ಯನ ಮನಸ್ಸು ಇದಕ್ಕೆ ವಿರುದ್ಧವಾಗಿ ನಡೆಯುತ್ತದೆ. ಸೋಲು ಚಿಕ್ಕದಾದಷ್ಟೂ ಒಬ್ಬ ಅಪರಾಧಿಯನ್ನು ಹುಡುಕುವ ಹಟ ದೊಡ್ಡದಾಗುತ್ತದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮ ಹಿರಿಯರು ಆಡಿದ ಮಾತನ್ನೇ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದಾರೆ. ಬರೂಖ್ ಫಿಷ್‌ಹಾಫ್ ಎಂಬ ವಿದ್ವಾಂಸರು 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬ್ರಿಟಿಷರಿಗೂ ಗೂರ್ಖರಿಗೂ ಹತ್ತೊಂಬತ್ತನೆಯ ಶತಮಾನದಲ್ಲಿ ನಡೆದ ಯುದ್ಧದ ವೃತ್ತಾಂತವನ್ನು ಓದುಗರಿಗೆ ಕೊಟ್ಟರು. ಕೆಲವರಿಗೆ ಒಂದು ಮುಕ್ತಾಯ, ಕೆಲವರಿಗೆ ಇನ್ನೊಂದು. ಯಾರಿಗೆ ಯಾವ ಮುಕ್ತಾಯವನ್ನು ತಿಳಿಸಿದರೋ ಅವರಿಗೆ ಅದೇ ಮುಂಚಿನಿಂದಲೂ ಹೆಚ್ಚು ಸಂಭವನೀಯವಾಗಿತ್ತೆಂದು ತೋರಿತು. ಕೊನೆ ತಿಳಿದ ಮೇಲೆ ದಾರಿಯೆಲ್ಲ ಬೆಳಕಾಗಿ ಕಾಣುವುದು ಮನುಷ್ಯಸ್ವಭಾವ.

ಮೈಸೂರಿನ ಪಂದ್ಯವನ್ನೇ ಮುಂದಿನಿಂದ ನೋಡಿದರೆ? ನಾಲ್ಕನೆಯ ಸರದಿ ಆರಂಭವಾದಾಗ ಹಿಂದಿನ ಮೂರು ಸರದಿಗಳ ಮೊತ್ತ 233, 130, 234. ಯಾರೂ ಇನ್ನೂರೈವತ್ತನ್ನು ಮುಟ್ಟದಿದ್ದ ಮೈದಾನದಲ್ಲಿ 338ರ ಗುರಿ. ಕರ್ನಾಟಕ 331 ಮಾಡುತ್ತದೆಂದು ಅಂದು ಯಾರಾದರೂ ಹೇಳಿದ್ದರೆ ಕಟ್ಟೆಯ ಪಂಡಿತರು ನಕ್ಕುಬಿಡುತ್ತಿದ್ದರು. ಇಡೀ ಪಂದ್ಯದ ಅತಿ ದೊಡ್ಡ ಮೊತ್ತವನ್ನು ಮಾಡಿದ್ದು ಸೋತ ತಂಡ, ಅದೂ ಕೊನೆಯ ಸರದಿಯಲ್ಲಿ. ನಿರಾಶೆಗೆ ಕಾರಣ ತಂಡದ ವೈಫಲ್ಯವಲ್ಲ. ಆಸೆಗೆ ಎಡೆಯಿಲ್ಲದ ಕಡೆ ಅದು ಆಸೆಯನ್ನು ಹುಟ್ಟಿಸಿದ್ದು.

ಜೋಶಿಯವರ ಇನ್ನೊಂದು ಸೋಲು

ಗದಗಿನ ಜೋಶಿಯವರಿಗೆ ಇಂತಹ ಸಂಜೆ ಹೊಸದಾಗಿರಲಿಲ್ಲ. ಹನ್ನೊಂದು ವರ್ಷಗಳ ಹಿಂದೆ, 1999ರ ಜನವರಿ 31ರಂದು, ಮದರಾಸಿನ ಚೇಪಾಕ್ ಮೈದಾನದಲ್ಲಿ ಪಾಕಿಸ್ತಾನದ ವಿರುದ್ಧ ಆಡಿದ ಭಾರತ ತಂಡದಲ್ಲಿ ಅವರಿದ್ದರು. ಗುರಿ 271. ಬೆನ್ನುನೋವಿನಿಂದ ನರಳುತ್ತ ತೆಂಡುಲ್ಕರ್ 136 ಮಾಡಿದರು. ಅವರು ಔಟಾದಾಗ ಬೇಕಾಗಿದ್ದದ್ದು ಹದಿನೇಳು. ಉಳಿದ ಮೂರು ವಿಕೆಟ್ಟುಗಳು ನಾಲ್ಕೇ ರನ್ನುಗಳಲ್ಲಿ ಬಿದ್ದು, 258ಕ್ಕೆ ಆಟ ಮುಗಿಯಿತು. ಸೋಲಿನ ಅಂತರ ಹನ್ನೆರಡು.

ಅಂದು ಆ ಹೊಡೆತವನ್ನು ಏಕೆ ಹೊಡೆದರೆಂದು ಕೇಳದ ಮನೆಯಿಲ್ಲ. ಆದರೆ ಚೇಪಾಕಿನಲ್ಲಿ ನೆರೆದಿದ್ದ ಜನ ಮೊದಲು ಮಾಡಿದ್ದು ಬೇರೆ ಕೆಲಸ. ಅವರು ಎದ್ದು ನಿಂತು ಗೆದ್ದ ಪಾಕಿಸ್ತಾನ ತಂಡಕ್ಕೆ ಚಪ್ಪಾಳೆ ತಟ್ಟಿದರು; ಆ ತಂಡ ಮೈದಾನವನ್ನು ಒಂದು ಸುತ್ತು ಬಂದು ಅದನ್ನು ಸ್ವೀಕರಿಸಿತು. ವಿಮರ್ಶೆ ಆಮೇಲೆ ಬಂದಿತು. ಮೊದಲು ಗೌರವ, ಬಳಿಕ ವಿಮರ್ಶೆ. ಈ ಅನುಕ್ರಮದಲ್ಲಿಯೇ ಒಂದು ಸಂಸ್ಕೃತಿಯಿದೆ.

ಅನುಕ್ರಮ ತಪ್ಪಿದರೆ ಏನಾಗುತ್ತದೆಂಬುದಕ್ಕೂ ಲೋಕದಲ್ಲಿ ಉದಾಹರಣೆಯಿದೆ. 1950ರ ಜುಲೈ 16ರಂದು ಬ್ರೆಜಿಲ್ ದೇಶ ತನ್ನದೇ ರಿಯೊ ನಗರದ ಮರಕಾನ ಮೈದಾನದಲ್ಲಿ ಉರುಗ್ವೆಯ ವಿರುದ್ಧ ವಿಶ್ವಕಪ್ ಫುಟ್‌ಬಾಲಿನ ನಿರ್ಣಾಯಕ ಪಂದ್ಯವಾಡಿತು. ಸಮನಾದರೂ ಸಾಕಿತ್ತು, 2-1ರಿಂದ ಸೋತಿತು. ಇಡೀ ದೇಶ ಒಬ್ಬ ಅಪರಾಧಿಯನ್ನು ಹುಡುಕಿತು. ಸಿಕ್ಕಿದವನು ಗೋಲುರಕ್ಷಕ ಬಾರ್ಬೋಸ. ಹನ್ನೊಂದು ಮಂದಿ ಆಡಿದ ಆಟದ ಸೋಲು ಒಬ್ಬನ ಹೆಸರಿಗೆ ಬರೆಯಲ್ಪಟ್ಟಿತು. ಅವನು ಕಾಲವಾದದ್ದು 2000ದಲ್ಲಿ. ಕೊಲೆಗಡುಕನಿಗೂ ಶಿಕ್ಷೆಗೆ ಒಂದು ಅವಧಿಯಿರುತ್ತದೆ. ಆ ಗೋಲುರಕ್ಷಕನಿಗೆ ಐವತ್ತು ವರ್ಷಗಳಾದರೂ ಬಿಡುಗಡೆಯಾಗಲಿಲ್ಲ. ಅಭಿಮಾನಿಗಳ ಚರ್ಚೆ ನಿರುಪದ್ರವಿಯಾದ ವಿನೋದವೆಂದು ತಿಳಿಯುವವರು ಈ ಮನುಷ್ಯನನ್ನು ನೆನೆಯಬೇಕು. ನಾಲಗೆಗೆ ಎಲುಬಿಲ್ಲ, ಆದರೆ ಅದು ಎಲುಬನ್ನು ಮುರಿಯಬಲ್ಲದು.

ಸೋತವರಿಗೆ ನೆಟ್ಟ ಕಲ್ಲು

ಕನ್ನಡಿಗರಿಗೆ ಈ ವಿಷಯದಲ್ಲಿ ಪರದೇಶದ ಪಾಠವೇ ಬೇಕೆಂದಿಲ್ಲ. ಪಂಪನು ತನ್ನ ಕಾವ್ಯಕ್ಕೆ ಅರ್ಜುನನನ್ನೇ ನಾಯಕನನ್ನಾಗಿ ಆರಿಸಿದರೂ ಕರ್ಣನ ಮರಣದ ಬಳಿ ಅವನ ಲೇಖನಿ ಯಾರ ಕಡೆಗೆ ವಾಲಿತೆಂಬುದನ್ನು ಓದುಗರು ಸಾವಿರ ವರ್ಷಗಳಿಂದ ಬಲ್ಲರು. ರನ್ನನು ಗದಾಯುದ್ಧದಲ್ಲಿ ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಗೆದ್ದ ಭೀಮನಿಗೆ ಹೋಲಿಸಿದನು. ಆದರೆ ಕಾವ್ಯವನ್ನು ಮುಚ್ಚಿಟ್ಟ ಮೇಲೆ ಮನಸ್ಸಿನಲ್ಲಿ ಎದ್ದು ನಿಲ್ಲುವವನು ತೊಡೆ ಮುರಿದು ಬಿದ್ದ ದುರ್ಯೋಧನ. ಸೋತವನ ತಪ್ಪುಗಳನ್ನು ಈ ಕವಿಗಳು ಮರೆಮಾಚಲಿಲ್ಲ. ತಪ್ಪುಗಳನ್ನೆಲ್ಲ ಎಣಿಸಿ, ಆ ಮೇಲೂ ಅವನನ್ನು ದೊಡ್ಡವನೆಂದರು.

ಹಾನಗಲ್ಲು ಸೀಮೆಯಲ್ಲಿ ನಡೆದಾಡುವವರಿಗೆ ಇದನ್ನು ಕಾವ್ಯ ಓದಿಯೇ ತಿಳಿಯಬೇಕಾಗಿಲ್ಲ. ಅಲ್ಲಿ ಕಲ್ಲುಗಳೇ ಹೇಳುತ್ತವೆ. ವೀರಗಲ್ಲೆಂಬುದು ಕಾಳಗದಲ್ಲಿ ಮಡಿದವನಿಗೆ ನೆಟ್ಟ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ. ಮೇಲೆ ಅಪ್ಸರೆಯರು ಅವನನ್ನು ಕರೆದೊಯ್ಯುವ ನೋಟ. ಎಲ್ಲಕ್ಕೂ ಮೇಲೆ ಶಿವನ ಸನ್ನಿಧಿ. ಅವನ ಕಡೆಯವರು ಆ ಯುದ್ಧವನ್ನು ಗೆದ್ದರೋ ಸೋತರೋ ಎಂಬುದನ್ನು ಕಲ್ಲಿನ ಮೇಲೆ ಹುಡುಕುವುದಕ್ಕಿಂತ ಅವನು ಹೇಗೆ ನಿಂತು ಹೋರಾಡಿದನೆಂಬುದನ್ನು ನೋಡುವುದು ವಾಡಿಕೆ. ಆಡೂರಿನ ಕಟ್ಟೆಯ ಮೇಲಾಗಲಿ ಮೈಸೂರಿನ ಹೋಟೆಲಿನಲ್ಲಾಗಲಿ ನಡೆಯುವ ಸೋಲಿನ ಚರ್ಚೆಯೂ, ಒಳ್ಳೆಯ ಮನಸ್ಸಿನಿಂದ ನಡೆದರೆ, ಮಾತಿನಿಂದ ನೆಟ್ಟ ಒಂದು ವೀರಗಲ್ಲೇ ಸರಿ. ಪಾಂಡೆಯವರ 144ನ್ನು ಜನ ಇಂದಿಗೂ ನೆನೆಯುವುದು ಆ ಚರ್ಚೆ ನಿಂತಿಲ್ಲವಾದುದರಿಂದ. ಆ ಋತುವಿನಲ್ಲಿ ಅವರು ಮಾಡಿದ 882 ರನ್ನುಗಳು ದೇಶದಲ್ಲಿಯೇ ಎಲ್ಲರಿಗಿಂತ ಹೆಚ್ಚು. ಆದರೆ ಅಭಿಮಾನಿಗಳ ಬಾಯಲ್ಲಿ ಉಳಿದದ್ದು ಆ ಒಂದು ದಿನ.

ಕಾಲದ ತೀರ್ಪು

ಇನ್ನು ಈ ಕಥೆಯ ಮುಂದಿನ ಭಾಗ. ಮೈಸೂರಿನಲ್ಲಿ ಸೋತ ತಂಡ ಮುರಿದು ಚೆದುರಿಹೋಗಲಿಲ್ಲ. ಆರು ವಿಕೆಟ್ಟು ಪಡೆದ ಮಿಥುನ್ ಅದೇ ವರ್ಷದ ಜುಲೈನಲ್ಲಿ ಗಾಲೆಯಲ್ಲಿ ಭಾರತಕ್ಕೆ ಟೆಸ್ಟ್ ಆಡಿದರು. ದಾವಣಗೆರೆಯ ವಿನಯ್ ಕುಮಾರ್ ಕರ್ನಾಟಕದ ನಾಯಕರಾದರು. 2014ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಏಳು ವಿಕೆಟ್ಟುಗಳಿಂದ ಸೋಲಿಸಿ ಕರ್ನಾಟಕ ಹದಿನೈದು ವರ್ಷಗಳ ಬಳಿಕ ರಣಜಿ ಪ್ರಶಸ್ತಿಯನ್ನು ಎತ್ತಿ ಹಿಡಿಯಿತು. ಆ ಅಂತಿಮ ಪಂದ್ಯದಲ್ಲಿ 117 ರನ್ನು ಮಾಡಿದವರು ಯಾರು? ಮೈಸೂರಿನಲ್ಲಿ 75 ಮಾಡಿ ಸೋತು ಮರಳಿದ್ದ ಅದೇ ಗಣೇಶ್ ಸತೀಶ್. ಮರುವರ್ಷ, 2015ರ ಮಾರ್ಚಿಯಲ್ಲಿ, ಮುಂಬಯಿಯ ವಾಂಖೆಡೆ ಮೈದಾನದಲ್ಲಿಯೇ ತಮಿಳುನಾಡನ್ನು ಇನ್ನಿಂಗ್ಸ್ ಮತ್ತು 217 ರನ್ನುಗಳಿಂದ ಸೋಲಿಸಿ ಪ್ರಶಸ್ತಿಯನ್ನು ಉಳಿಸಿಕೊಂಡಿತು. ಅಂದು ಕರುಣ್ ನಾಯರ್ 328 ಮಾಡಿದರೆ, ನಾಯಕ ವಿನಯ್ ಕುಮಾರ್ ಔಟಾಗದೆ 105 ಮಾಡಿದರು.

ಜೋಶಿಯವರು ಆ ಗೆಲುವುಗಳಲ್ಲಿ ಆಟಗಾರರಾಗಿ ಇರಲಿಲ್ಲ. ಅವರ ಕಾಲ ಮುಗಿದಿತ್ತು. ಆದರೆ ಆಟ ಅವರನ್ನು ಮರೆಯಲಿಲ್ಲ. 2020ರ ಮಾರ್ಚಿಯಲ್ಲಿ ಅವರು ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾಗಿ ನೇಮಕಗೊಂಡರು. ಗದಗಿನಿಂದ ಹುಬ್ಬಳ್ಳಿಗೆ ನಸುಕಿನಲ್ಲಿ ಹೋಗಿಬರುತ್ತಿದ್ದ ಹುಡುಗ ಅದುವರೆಗೆ ನಡೆದು ಬಂದಿದ್ದರು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, 2023ರ ಜುಲೈನಲ್ಲಿ ಅದೇ ಪೀಠವನ್ನು ಏರಿದವರು ಮೈಸೂರಿನಲ್ಲಿ ಕರ್ನಾಟಕದ ಐದು ವಿಕೆಟ್ಟು ಕಿತ್ತ ಅಗರ್‌ಕರ್. ಸಂಕ್ರಾಂತಿಯ ಆ ಸಂಜೆ ಒಬ್ಬರು ಗೆದ್ದವರು, ಒಬ್ಬರು ಸೋತವರು. ಕಾಲ ಇಬ್ಬರಿಗೂ ಒಂದೇ ಕುರ್ಚಿಯನ್ನು ಕೊಟ್ಟಿತು.

ಹಾಗಾದರೆ ಆರು ರನ್ನುಗಳ ಚರ್ಚೆ ವ್ಯರ್ಥವೇ? ಹಾಗೆನ್ನಲಾಗದು. ಮನೆಯಲ್ಲಿ ತಂದೆ ಮಗನೊಡನೆ, ಕಟ್ಟೆಯಲ್ಲಿ ಹಿರಿಯರು ಕಿರಿಯರೊಡನೆ ಸೋತ ಪಂದ್ಯವನ್ನು ಕುರಿತು ವಾದಿಸುವಾಗ ಕ್ರಿಕೆಟ್ಟಿಗಿಂತ ದೊಡ್ಡದೊಂದು ಪಾಠ ನಡೆಯುತ್ತಿರುತ್ತದೆ. ಪರೀಕ್ಷೆಯಲ್ಲಿ ನಾಲ್ಕು ಅಂಕ ಕಡಿಮೆಯಾಗಿ ಮನೆಗೆ ಬರುವ ಮಗು ತನ್ನ ಹಿರಿಯರು ಸೋತ ಆಟಗಾರನನ್ನು ಹೇಗೆ ಮಾತನಾಡಿಸುತ್ತಾರೆಂಬುದನ್ನು ಕೇಳಿಸಿಕೊಂಡಿರುತ್ತದೆ. ಆರು ಕಾರಣಗಳನ್ನು ಎಣಿಸಿ, ಕೊನೆಗೆ 'ಆದರೂ ಚೆನ್ನಾಗಿ ಆಡಿದರು' ಎಂದು ಮುಗಿಸುವ ಮನೆಯಲ್ಲಿ ಆ ಮಗು ಅಂಕಪಟ್ಟಿಯನ್ನು ಬಚ್ಚಿಡುವುದಿಲ್ಲ.

ಹರಿದಾಸರು ಕರ್ಣನ ಸಾವಿಗೆ ಆರು ಮಂದಿಯನ್ನು ಹೆಸರಿಸಿದ ಮೇಲೆ ಕಥೆಯನ್ನು ಅಲ್ಲಿಗೇ ಬಿಡುವುದಿಲ್ಲ. ಒಂದು ಗಳಿಗೆ ಸುಮ್ಮನಿದ್ದು, ಕರ್ಣನ ದಾನವನ್ನು ನೆನೆದು ಮಂಗಳ ಹಾಡುತ್ತಾರೆ. ಕೇಳಿದವರು ಕಣ್ಣೊರಸಿಕೊಂಡು ಮನೆಗೆ ಹೋಗುತ್ತಾರೆ. ಮರುದಿನ ಮತ್ತೆ ಕಟ್ಟೆಯ ಮೇಲೆ ವಾದ ಆರಂಭವಾಗುತ್ತದೆ.